ಕಂಪ್ಯೂಟರಿನೊಳಗೆ ಗುರುಪುರದ ರೂಟು

ಹುಣಸೂರು–ಗುರುಪುರ ಬಸ್ಸಿನ ಕಂಡಕ್ಟರ್ ಚಲುವರಾಜುವಿಗೆ ನಲವತ್ತೆರಡನೇ ವಯಸ್ಸಿನಲ್ಲಿ ಕಂಪ್ಯೂಟರ್ ಆಟದ ಹುಚ್ಚು ಹಿಡಿಯಿತು. ಎಂಥ ಆಟ ಅಂತೀರಿ, ಊರು ಕಟ್ಟುವ ಆಟ. ಬರೀ ನೆಲ ಕೊಡುತ್ತಾರೆ. ರಸ್ತೆ, ಮನೆ, ನೀರು, ಕರೆಂಟು ಎಲ್ಲ ನಾವೇ ಹಾಕಿಕೊಳ್ಳಬೇಕು. ಈ ಪುಣ್ಯಾತ್ಮ ಮನೆಗಿಂತ ಮುಂಚೆ ಬಸ್ ಸ್ಟಾಪು ಕಟ್ಟಿ, ಜನ ಬರಲಿ ಎಂದು ಕಾಯುತ್ತಿದ್ದ. ಜನ ಬರುತ್ತಿರಲಿಲ್ಲ, ಅದು ಬೇರೆ ಮಾತು.

ವಾರದ ರಜೆ ಬಂತೆಂದರೆ ಬಸ್ ಸ್ಟ್ಯಾಂಡ್ ಹಿಂದಿನ ಬ್ರೌಸಿಂಗ್ ಸೆಂಟರಿಗೆ ಹಾಜರು. ಅದನ್ನು ನಡೆಸುತ್ತಿದ್ದ ಸರ್ವಮಂಗಳ ಒಂದು ದಿನ ಹೊಸ ಸುದ್ದಿ ಹೇಳಿದಳು. ಭೂಮಿಯ ಏರುತಗ್ಗನ್ನೆಲ್ಲ ಆಕಾಶದಿಂದ ಅಳೆದು ಇಂಟರ್‌ನೆಟ್ಟಿಗೆ ಬಿಟ್ಟಿ ಹಾಕಿದ್ದಾರಂತೆ, ಅದನ್ನು ಇಳಿಸಿಕೊಂಡರೆ ನಮ್ಮ ಸೀಮೆಯನ್ನೇ ಆಟದೊಳಗೆ ತರಬಹುದಂತೆ. ಆ ಅಳತೆಯಿಂದ ಒಂದು ಕಪ್ಪುಬಿಳುಪು ಚಿತ್ರ ಮಾಡಬೇಕು. ಎತ್ತರವಾದಷ್ಟೂ ಬಿಳಿ, ತಗ್ಗಾದಷ್ಟೂ ಕಪ್ಪು. ಚಿತ್ರವನ್ನು ಆಟಕ್ಕೆ ಕೊಟ್ಟರೆ ಅದು ತಾನೇ ದಿಣ್ಣೆ ಎಬ್ಬಿಸಿ ಹಳ್ಳ ತೋಡಿಕೊಳ್ಳುತ್ತದೆ. ಚಲುವರಾಜು ಅವತ್ತು ಊಟ ಮರೆತ.

ಅವನಿಗೆ ಬೇಕಾದದ್ದು ಗುರುಪುರದ ರಸ್ತೆ ಒಂದೇ, ಅದೂ ಕಂಠಪ್ಪನಿಗಾಗಿ. ಕಂಠಪ್ಪ ಹತ್ತೊಂಬತ್ತು ವರ್ಷ ಆ ರೂಟಿನಲ್ಲೇ ಬಸ್ಸು ಓಡಿಸಿದ ಡ್ರೈವರ್. ಮೂರು ತಿಂಗಳ ಹಿಂದೆ ಪರೀಕ್ಷೆಯಲ್ಲಿ ದೃಷ್ಟಿ ಸಾಲದೆಂದು ಬಂದು, ಸ್ಟೇರಿಂಗ್ ಬಿಡಿಸಿ ಡಿಪೋದ ಟೈರು ಕೋಣೆಯಲ್ಲಿ ಕೂರಿಸಿದ್ದರು. ದಾರಿಯುದ್ದಕ್ಕೂ ಬಾಯಿ ಮುಚ್ಚದ ಮನುಷ್ಯ ಅಲ್ಲಿಂದೀಚೆಗೆ ಹೂಂ, ಉಹೂಂ ಎರಡಕ್ಕೇ ಇಳಿದಿದ್ದ. "ಇಕ್ಕುದ್ರೆ ಉಣ್ತಾರೆ, ಇಲ್ದಿದ್ರೆ ಇಲ್ಲ. ನೀನಾದ್ರೂ ಮಾತಾಡ್ಸಪ್ಪ," ಎಂದು ಅವನ ಹೆಂಡತಿ ಮರಮ್ಮ ಚಲುವರಾಜುವಿನ ಮುಂದೆ ಕಣ್ಣೊರೆಸಿಕೊಂಡಿದ್ದಳು.

ಆರು ರಜೆ ಕಳೆದು ನಕ್ಷೆ ತಯಾರಾಯಿತು. ಟೀ ಕುಡಿಸುವ ನೆಪದಲ್ಲಿ ಕಂಠಪ್ಪನನ್ನು ಕರೆತಂದು ಕಂಪ್ಯೂಟರಿನ ಮುಂದೆ ಕೂರಿಸಿದ.

"ನಂಗೇನೂ ಕಾಣಲ್ಲ," ಎಂದ ಕಂಠಪ್ಪ.

"ಕಾಣೋದೇನೂ ಬ್ಯಾಡ ಕಣಣ್ಣ. ಕಣ್ಣು ಮುಚ್ಕಳಿ. ನಾನು ಏರು ತಗ್ಗು ಯೋಳ್ತೀನಿ, ನೀವು ಗೇರ್ ಆಕಿ. ನಕ್ಷೆ ಸರಿಯಾಗೈತಾ ಅನ್ನೋದ ನಿಮ್ಮನ್ ಬುಟ್ರೆ ಯಾರ್ ಯೋಳಾರು?"

ಕಂಠಪ್ಪ ಮುಖ ಗಂಟಿಕ್ಕಿದ, ಆದರೂ ಕಣ್ಣು ಮುಚ್ಚಿದ. ಚಲುವರಾಜು ಪರದೆಯ ಮೇಲೆ ರಸ್ತೆಗುಂಟ ಸರಿಯತೊಡಗಿದ. "ಸೇತುವೆ ದಾಟುದ್ವಿ. ಏರು." ಕಂಠಪ್ಪನ ಎಡಗೈ ತಾನಾಗಿ ಎದ್ದು ಗಾಳಿಯಲ್ಲಿ ಎರಡನೇ ಗೇರಿಗೆ ಬಿತ್ತು. ಮಟ್ಟ ಎಂದರೆ ಮೂರು, ಮತ್ತೆ ಏರು ಎಂದರೆ ಎರಡು. ಕಾಲು ಕೂಡ ಮೇಜಿನ ಕೆಳಗೆ ಕ್ಲಚ್ ತುಳಿಯುತ್ತಿತ್ತು. ಪಕ್ಕದ ಕಂಪ್ಯೂಟರಿನವರು ಕೆಲಸ ಬಿಟ್ಟು ನೋಡಿದರು.

"ಈಗೊಂದು ದಿಣ್ಣೆ," ಎಂದ ಚಲುವರಾಜು. ಕಂಠಪ್ಪನ ಕೈ ಅಲುಗಲಿಲ್ಲ.

"ಯಾವ ದಿಣ್ಣೆನ್ಲಾ? ಅದು ಚಾಮಯ್ಯನ ನೀಲಗಿರಿ ತೋಪು. ಅಂಗೈಯಂಗೆ ಮಟ್ಟ ಐತೆ. ಅತ್ತೊಂಬತ್ತು ವರ್ಷ ಅಲ್ಲಿ ಟಾಪ್ ಗೇರಲ್ಲೇ ಓಗಿವ್ನಿ. ಯಾವ ಬಡ್ಡಿಮಗ ಅಳೆದೋನು?"

ಸ್ಟೇರಿಂಗ್ ಬಿಟ್ಟ ಮೇಲೆ ಕಂಠಪ್ಪ ಇಷ್ಟು ಮಾತು ಆಡಿದ್ದು ಅದೇ ಮೊದಲು. ಬೈಸಿಕೊಂಡ ಚಲುವರಾಜುವಿಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಸರ್ವಮಂಗಳ ಬಂದು ಪರದೆ ನೋಡಿದಳು. ಮೇಲಿಂದ ಅಳೆದ ಯಂತ್ರ ನೀಲಗಿರಿ ಮರಗಳ ನೆತ್ತಿಯನ್ನೇ ನೆಲ ಎಂದುಕೊಂಡಿತ್ತು, ತೋಪಿಗೆ ತೋಪೇ ದಿಣ್ಣೆಯಾಗಿ ಕೂತಿತ್ತು.

"ಇಳ್ದು ನೋಡಿದ್ರೆ ಗೊತ್ತಾಗಿರೋದು," ಎಂದು ಕಂಠಪ್ಪ ಯಂತ್ರಕ್ಕೂ ಒಂದು ಮಾತು ಅಂದ.

ಸರ್ವಮಂಗಳ ಚಿತ್ರದಲ್ಲಿ ಆ ಬಿಳಿ ಮಚ್ಚೆಗೆ ಸುತ್ತಲಿನ ನೆಲದ ಬೂದು ಬಣ್ಣವನ್ನೇ ಬಳಿದಳು, ದಿಣ್ಣೆ ಕುಸಿದು ನೆಲಕ್ಕೆ ಬಂತು. ಉಳಿದ ದಾರಿಯನ್ನು ಕಂಠಪ್ಪ ಬೈಯುತ್ತಲೇ ಓಡಿಸಿದ. ಇಲ್ಲಿ ಹಂಪ್ ಯಾಕೆ ಹಾಕಿಲ್ಲ, ಅಲ್ಲಿ ಎಮ್ಮೆ ಅಡ್ಡ ಬರುತ್ತವೆ ಗೊತ್ತಿಲ್ಲವಾ, ಹೀಗೆ.

ಗುರುಪುರ ಬಂತು. "ಲಾಸ್ಟ್ ಸ್ಟಾಪ್ ಅಣ್ಣ, ಇಳ್ಕಳಿ. ಟೀ ಆರೋಯ್ತದೆ," ಎಂದ ಚಲುವರಾಜು.

ಕಂಠಪ್ಪ ಏಳಲಿಲ್ಲ, ಕಣ್ಣೂ ಬಿಡಲಿಲ್ಲ. "ವಾಪಸ್ ಟ್ರಿಪ್ ಯಾರ್ ಒಡೀತಾರ್ಲಾ? ಬರೋವಾಗ ಇಳಿಜಾರು, ಗೇರೆಲ್ಲ ಬ್ಯಾರೆ. ರೈಟ್ ಅನ್ನು."

ದಿನಕ್ಕೆ ನೂರು ಸಲ ಕೂಗುವ ಮಾತು. ಚಲುವರಾಜು ಮುಖ ಅತ್ತ ತಿರುಗಿಸಿ ಕಣ್ಣೊರೆಸಿಕೊಳ್ಳತೊಡಗಿದ. ಕಂಠಪ್ಪ ಗೇರಿನ ಮೇಲೆ ಕೈಯಿಟ್ಟುಕೊಂಡು ಕಾದ. ಕೊನೆಗೆ ಸರ್ವಮಂಗಳಳೇ "ರೈಟ್" ಅಂದಳು.