ಕಿಸುಮುವಿನಲ್ಲೊಂದು ಬಾಗಿನ

ಭೂಗೋಳದಲ್ಲಿ ನಾನು ಮೊದಲಿನಿಂದಲೂ ಹಿಂದೆ. ಹೊಳೆ ಹರಿಯುತ್ತದೆ, ಸರೋವರ ನಿಂತಿರುತ್ತದೆ ಎಂಬ ಪ್ರೈಮರಿ ಸ್ಕೂಲಿನ ಪಾಠ ತಲೆಗೆ ಹತ್ತಲು ಆಫ್ರಿಕಾಕ್ಕೇ ಬರಬೇಕಾಯಿತು.

ಗಂಡನ ಕೆಲಸದಿಂದಾಗಿ ನಾವೀಗ ನೈರೋಬಿಯಲ್ಲಿದ್ದೇವೆ. ವಾರಾಂತ್ಯಕ್ಕೆ ಕಿಸುಮುವಿಗೆ ಹೋಗಿ ವಿಕ್ಟೋರಿಯಾ ಸರೋವರ ನೋಡುತ್ತೇವೆ ಎಂದು ಭದ್ರಾವತಿಯ ಅಮ್ಮನಿಗೆ ಫೋನಿನಲ್ಲಿ ಹೇಳಿದ್ದೇ ತಪ್ಪಾಯಿತು. ಅಮ್ಮನಿಗೆ ಮಂಡಿ ಆಪರೇಷನ್ ಆಗಬೇಕು. ಪ್ರತಿ ಮಳೆಗಾಲ ಗಾಜನೂರು ಡ್ಯಾಮ್ ತುಂಬಿದಾಗ ತುಂಗೆಗೆ ಬಾಗಿನ ಬಿಡುವವಳು, ಈ ಸಲ ಮೆಟ್ಟಿಲು ಇಳಿಯಲಾಗದೆ, ಬಾಗಿನ ಬಿಡದೆ ಆಸ್ಪತ್ರೆಗೆ ಕಾಲಿಡುವುದಿಲ್ಲ ಎಂದು ಹಟ ಹಿಡಿದು ಕೂತಿದ್ದಳು. ಮನೆ ಹತ್ತಿರವೇ ಭದ್ರೆ ಇದ್ದಾಳಲ್ಲ ಎಂದರೆ, ತುಂಗೆಯ ಊರಿನ ದುರ್ಗಿಗುಡಿಯಲ್ಲಿ ಹುಟ್ಟಿದ ಅಮ್ಮನಿಗೆ ಅದು ಗಂಡನ ಮನೆಯ ಹೊಳೆ.

“ನೀನೇ ಬಿಡೇ ಮಾರಾಯ್ತಿ. ಮಗಳು ಬಿಟ್ರೆ ನಾನು ಬಿಟ್ಟಂಗೇ. ನೀರು ಎಲ್ಲಿದ್ರೂ ನೀರೇ ಅಲ್ವಾ?”

ಭದ್ರೆ ಬೇಡವೆಂದವಳಿಗೆ ವಿಕ್ಟೋರಿಯಾ ಹೇಗೆ ಒಪ್ಪಿಗೆಯಾದಳೋ, ನನಗಿನ್ನೂ ತಿಳಿಯದು.

ಮೊರ ಸಿಗದೆ ಎರಡು ಪುಟ್ಟ ಬುಟ್ಟಿಗಳನ್ನು ಒಂದರ ಮೇಲೊಂದು ಮುಚ್ಚಿ ಕಟ್ಟಿದೆ. ಒಳಗೆ ಅಕ್ಕಿ, ಬೆಲ್ಲ, ಅರಿಶಿನ ಕುಂಕುಮ, ಹಸಿರು ಬಳೆ. ದಡದಲ್ಲಿ ನಿಂತರೆ ಕಣ್ಣು ಹೋದಷ್ಟು ದೂರ ನೀರು. ತುಂಗೆಯಾದರೆ ಹರಿಯುವ ಕಡೆಗೆ ಬಿಡಬಹುದು. ಇಲ್ಲಿ ಯಾವ ಕಡೆಗೆ?

“ಬೇಗ ಬಿಡೇ, ಎಲ್ಲರೂ ನೋಡ್ತಿದಾರೆ” ಎಂದು ಗಂಡ ಗೊಣಗಿದರು. ಸೆರಗಿಲ್ಲದ್ದಕ್ಕೆ ದುಪಟ್ಟಾ ಹಿಡಿದು, ಕೈಮುಗಿದು ಬಿಟ್ಟೆ. ಬಾಗಿನ ಮಾರು ದೂರ ಹೋಯಿತು, ಯೋಚಿಸಿತು, ತಿರುಗಿ ನನ್ನ ಕಾಲಿಗೇ ಬಂತು. ಮತ್ತೆ ತಳ್ಳಿದೆ, ಮತ್ತೆ ಬಂತು. ನನಗೆ ನಿಜಕ್ಕೂ ಭಯವಾಯಿತು. ಈಕೆ ಬೇಡವೆನ್ನುತ್ತಿದ್ದಾಳೆಯೆ? ಇದನ್ನು ಕೇಳಿದರೆ ಅಮ್ಮ ಆಪರೇಷನ್ನಿಗೆ ಒಪ್ಪಿದ ಹಾಗೇ!

ಅಷ್ಟರಲ್ಲಿ ಪಕ್ಕದಲ್ಲಿ ಮೀನು ಕರಿಯುತ್ತಿದ್ದ ಹೆಂಗಸೊಬ್ಬಳು ಓಡಿ ಬಂದು, ನನ್ನ ಕೈಜಾರಿ ಬಿತ್ತೆಂದುಕೊಂಡು, ನೀರು ಸೋರುವ ಬುಟ್ಟಿಯನ್ನು ಎತ್ತಿ ನೀಡಿದಳು. ಗಾಜನೂರಿನಲ್ಲಿ ಅಮ್ಮ ಹೊಳೆಗೊಂದು ಬಾಗಿನ ಬಿಟ್ಟು, ಪಕ್ಕದಲ್ಲಿ ನಿಂತ ಮುತ್ತೈದೆಗೂ ಒಂದು ಕೊಡುತ್ತಿದ್ದದ್ದು ಫಕ್ಕನೆ ನೆನಪಾಯಿತು. ಇದು ನಿಮಗೇ ಎಂದು ಕೈಸನ್ನೆ ಮಾಡಿದೆ. ಅವಳು ನಕ್ಕು ಬಳೆ ತೊಟ್ಟುಕೊಂಡಳು. ಆಮೇಲೆ ಒಲೆಯ ಬಳಿ ಹೋಗಿ, ಬಿಸಿ ಬಿಸಿ ಮೀನೊಂದನ್ನು ಪೇಪರಿನಲ್ಲಿ ಸುತ್ತಿ ತಂದು ನನ್ನ ಕೈಗಿಟ್ಟಳು. ಮೊಟ್ಟೆಯನ್ನೂ ಮುಟ್ಟದ ಮನೆತನ ನಮ್ಮದು. ಗಂಡ ಆಕಾಶ ನೋಡತೊಡಗಿದರು.

ಫೋನು ಬಂತು. “ಬಿಟ್ಯೇನೇ? ಹೋಯ್ತಾ?”

ಸುಳ್ಳು ಬಾಯಿಗೆ ಬರಲಿಲ್ಲ. “ಇಲ್ಲಮ್ಮ, ವಾಪಸ್ ಬಂತು. ಇಲ್ಲೊಬ್ರು ಹೆಂಗಸಿಗೆ ಕೊಟ್ಟೆ.”

“ಬಳೆ ತೊಟ್ಕೊಂಡ್ಲಾ?”

“ಹ್ಞೂಂ.”

“ತಿರುಗಿ ಏನಾದ್ರೂ ಕೊಟ್ಲಾ?”

“ಮೀನು.”

ಆ ಕಡೆ ಅಮ್ಮ ಗಂಟಲು ಸರಿಮಾಡಿಕೊಂಡಳು.

“ಮುತ್ತೈದೆ ಕೊಟ್ಟಿದ್ದು ಬೇಡ ಅನ್ಬಾರ್ದು. ಕಣ್ಣಿಗೊತ್ಕೊಂಡು, ತಿನ್ನೋರಿಗೆ ಕೊಟ್ಬಿಡು. ಸೋಮವಾರ ಆಸ್ಪತ್ರೆಗೆ ಹೋಗ್ತೀನಿ.”

ಕರಿದ ಮೀನನ್ನು ಭಕ್ತಿಯಿಂದ ಎರಡೂ ಕಣ್ಣಿಗೆ ಒತ್ತಿಕೊಂಡೆ. ಈಗ ಗಾಬರಿಯಾಗುವ ಸರದಿ ಆ ಹೆಂಗಸಿನದು.