ರಮ್ಲತ್‌ಳ ಕಡಜಗಳನ್ನು ನೋಡಿಬಂದದ್ದು

ಬೆಳಿಗ್ಗೆ ಏಳಕ್ಕೆ ಮೂಡುಬಿದಿರೆಯಲ್ಲಿ ವೇಣೂರಿನ ಬಸ್ಸು ಹತ್ತಿದೆ. ಇಪ್ಪತ್ತು ಕಿಲೋಮೀಟರಿನ ಆಸುಪಾಸಿನ ದಾರಿ. ಮಳೆ ಬಿಟ್ಟು ಎರಡು ವಾರವಾಗಿತ್ತು. ಆಗಲೇ ಬಿಸಿಲು ಚುರುಗುಟ್ಟುತ್ತಿತ್ತು. ಚೀಲದಲ್ಲಿ ಗೆಳತಿ ರಮ್ಲತ್‌ಳ ನೋಟುಪುಸ್ತಕವಿತ್ತು. ನಾವಿಬ್ಬರೂ ಒಂದೇ ಪ್ರಯೋಗಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದೆವು. ನನ್ನದು ಬಸವನಹುಳು, ಅವಳದು ಕಡಜ. ಗೂಡಿನ ಒಂದೊಂದು ಕಡಜದ ಬೆನ್ನಿಗೂ ಬಣ್ಣದ ಚುಕ್ಕೆ ಇಟ್ಟು, ಯಾವುದು ಮರಿಗಳಿಗೆ ಉಣಿಸುತ್ತದೆ, ಯಾವುದು ಸುಮ್ಮನೆ ಕೂರುತ್ತದೆ ಎಂದು ವಾರಕ್ಕೊಂದು ದಿನ ಇಡೀ ಹಗಲು ನೋಡಿ ಬರೆಯುತ್ತಿದ್ದಳು. ಅವಳು ತೀರಿಹೋಗಿ ಒಂದು ತಿಂಗಳಾಗಿತ್ತು.

ಕೊನೆಯ ಸಲ ಹೋಗುವ ಹಿಂದಿನ ಸಂಜೆ ನನಗೆ ಫೋನು ಮಾಡಿದ್ದಳು. "ಸ್ವಲ್ಪ ಜ್ವರ ಉಂಟು ಮಾರಾಯ್ತಿ. ನಾಳೆ ನನ್ನ ಬದಲು ನೀನು ಹೋಗ್ತೀಯಾ?" ನನಗೆ ವರದಿ ಬರೆಯುವುದಿತ್ತು. ಆಗುವುದಿಲ್ಲ ಎಂದೆ. ಅವಳು ಜ್ವರದಲ್ಲೇ ಹೋಗಿ ಸಂಜೆಯವರೆಗೆ ಕೂತು ಬಂದಳು. ಅದು ಇಲಿಜ್ವರ. ಆಸ್ಪತ್ರೆಗೆ ಸೇರಿಸುವಾಗ ತಡವಾಗಿತ್ತು.

ಗೂಡು ಇದ್ದದ್ದು ವೇಣೂರು ಪೇಟೆಯಲ್ಲಿ, ಗಿರಿಜಕ್ಕನ ಹೋಟೆಲಿನ ಹಿಂಬದಿಯ ಹೆಂಚಿನ ಮಾಡಿನ ಕೆಳಗೆ. ಬನ್ಸ್ ಕರಿಯುತ್ತಿದ್ದ ಗಿರಿಜಕ್ಕ ನನ್ನ ಕೈಯಲ್ಲಿದ್ದ ಪುಸ್ತಕದ ಗುರುತು ಹಿಡಿದರು.

"ಆ ಹುಡುಗಿ ಎಲ್ಲಿ? ಬಾರದೆ ಎಷ್ಟು ದಿನ ಆಯ್ತು! ಗೂಡು ಸುಡುವ ಅಂತ ನಮ್ಮ ಯಜಮಾನ್ರು ತೆಂಗಿನ ಗರಿಯ ಸೂಟೆ ಕಟ್ಟಿದ್ರು. ನಾನು ಬಿಡ್ಲಿಲ್ಲ. ಅವಳು ಬಂದು ಕೇಳಿದ್ರೆ ಏನು ಹೇಳುದು?"

ವಿಷಯ ಹೇಳಿದೆ. ಅವರು ಒಲೆಯ ಉರಿ ತಗ್ಗಿಸಿ, ಒಳಗಿನಿಂದ ಸ್ಟೂಲು ತಂದು ಗೂಡಿನ ಎದುರು ಇಟ್ಟರು.

ಪುಸ್ತಕದಲ್ಲಿ ಇಪ್ಪತ್ತಾರು ಕಡಜಗಳ ಬಣ್ಣ ಬರೆದಿತ್ತು. ಮಧ್ಯಾಹ್ನದವರೆಗೆ ನೋಡಿದೆ, ಚುಕ್ಕೆಯಿದ್ದವು ಮೂರೇ. ಮಿಕ್ಕವು ಅವಳು ಕಾಣದೆ ಹೋದ ಹೊಸವು. ಅವುಗಳ ಆಯಸ್ಸು ಕೆಲವೇ ವಾರ ಎಂದು ಗೊತ್ತಿದ್ದೂ ಸಂಕಟವಾಯಿತು. ಅವಳ ಕೊನೆಯ ಸಾಲಿನ ಕೆಳಗೆ ನನ್ನ ಅಕ್ಷರದಲ್ಲಿ ಮುಂದುವರಿಸಿದೆ.

ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸಿ ಬಂಟ್ವಾಳ ಪೇಟೆಯಲ್ಲಿ ಇಳಿದು ರಮ್ಲತ್‌ಳ ಮನೆ ತಲುಪಿದಾಗ ನಾಲ್ಕು ಗಂಟೆ. ಅವಳ ತಾಯಿಯನ್ನು ನಾನೂ ಉಮ್ಮ ಎಂದೇ ಕರೆಯುವುದು. ಅವರು ತಂದ ಚಹಾ ಮುಟ್ಟುವ ಮೊದಲೇ, ಆ ಸಂಜೆಯ ಫೋನಿನ ಮಾತನ್ನು ಹೇಳಿಬಿಟ್ಟೆ. "ನಾನು ಹೋಗಿದ್ರೆ ಅವಳು ಮನೆಯಲ್ಲೇ ಇರ್ತಿದ್ಲು ಉಮ್ಮ."

ಉಮ್ಮ ನನ್ನ ಪಕ್ಕ ಬಂದು ಕೂತರು. "ಬೆಳಿಗ್ಗೆ ಮಾತ್ರೆ ಕೊಟ್ಟು ಕಳಿಸಿದ್ದು ನಾನೇ ಮಗಳೇ. ಸಾಧಾರಣ ಜ್ವರ ಅಂತ ನೆನೆಸಿದೆ. ಇದನ್ನು ಯಾರ ಹತ್ರವೂ ಹೇಳ್ಲಿಲ್ಲ."

ಇಬ್ಬರೂ ಅತ್ತೆವು. ಹೊರಟಾಗ ಅವರು ಬಸ್ ನಿಲ್ದಾಣದವರೆಗೂ ಬಂದರು.

"ಇನ್ನು ಯಾವಾಗ ಹೋಗುದು ನೀನು?"

"ಬರುವ ವಾರ."

"ನಾನೂ ಬರ್ತೇನೆ. ಅವಳು ದಿನವಿಡೀ ಕೂತು ಏನು ನೋಡ್ತಿದ್ಲು ಅಂತ ನಾನು ಒಂದು ದಿನವೂ ಕೇಳ್ಲಿಲ್ಲ."

ಬಸ್ಸು ಹೊರಟಿತು. ತಿರುಗಿ ನೋಡಿದೆ. ಉಮ್ಮ ಮನೆಯ ಕಡೆ ಹೊರಟಿರಲಿಲ್ಲ, ನಿಂತಲ್ಲೇ ನಿಂತಿದ್ದರು.