ಪೋಪರ ಗದ್ದುಗೆ ಹೊತ್ತ ಎಲಿಜಿಯೊ

ರೋಮ್‌ನಲ್ಲಿ ವ್ಯಾಟಿಕನ್ನಿನ ಪಕ್ಕದ ನಮ್ಮ ಬೊರ್ಗೊ ಕೇರಿಯಲ್ಲಿ ಎಲಿಜಿಯೊ ಪ್ರೊಯೆತ್ತಿ ಎಂದರೆ ಯಾರಿಗೂ ತಿಳಿಯದು. ಪೋಪರನ್ನು ಹೊರುವವನು ಎಂದರೆ ಮಕ್ಕಳೂ ಮನೆ ತೋರಿಸುತ್ತಿದ್ದವು. ಕೆಂಪು ರೇಷ್ಮೆಯ ಉಡುಪು ತೊಟ್ಟು, ಪೋಪರು ಕೂತ ಗದ್ದುಗೆಯನ್ನು ಹೆಗಲ ಮೇಲೆ ಹೊತ್ತು ಜನಸಾಗರದ ನಡುವೆ ನಡೆಯುತ್ತಿದ್ದ ಹನ್ನೆರಡು ಮಂದಿಯಲ್ಲಿ ಅವನೊಬ್ಬ. ಅವನ ಅಪ್ಪನೂ ಅಜ್ಜನೂ ಅದನ್ನೇ ಹೊತ್ತವರು. ಆದರೆ ಇವನು ಜೊತೆಯವರಿಗಿಂತ ಎರಡು ಬೆರಳು ಗಿಡ್ಡ. ಗದ್ದುಗೆ ವಾಲಿದರೆ ಕೂತವರ ಗತಿಯೇನು ಎಂದು ಹೊರುವವರ ಮೇಸ್ತ್ರಿ ಅವನನ್ನು ಸೇರಿಸಿಕೊಳ್ಳಲು ಅಡ್ಡಿ ಮಾಡಿದ. ಬೂಟು ಹೊಲಿಯುವುದು ನನ್ನ ಕಸುಬು. ಬೆಂಡಿನ ದಪ್ಪ ಅಟ್ಟೆ ಕೂರಿಸಿ ಅವನನ್ನು ಎತ್ತರ ಮಾಡಿದವನು ನಾನೇ.

ಎಲಿಜಿಯೊನ ಹೆಂಡತಿ ಯೋಲೆಗೆ ಇದೆಲ್ಲ ತಮಾಷೆ. “ಲೋಕಕ್ಕೇ ದೊಡ್ಡೋರನ್ನ ಹೊರ್ತೀಯ, ಗ್ಯಾಸ್ ಸಿಲಿಂಡರ್ ಅಂದ್ರೆ ಮಾತ್ರ ಸೊಂಟ ಹಿಡ್ಕೊಳ್ಳುತ್ತೆ” ಎನ್ನುತ್ತಿದ್ದಳು. ಅವಳ ತಾಯಿ ಜೆಲಿಂದಾ ಅಲಾತ್ರಿ ಎಂಬ ಗುಡ್ಡದೂರಿನವಳು. ಕುರ್ಚಿ ಹೊರುವವನು ಎಂದರೆ ಹೋಟೆಲಿನ ಮಾಣಿಯೇ ಇರಬೇಕು, ಮಗಳು ಮರ್ಯಾದೆಗೆ ಮುಚ್ಚಿಡುತ್ತಿದ್ದಾಳೆ ಎಂದೇ ಆಕೆ ನಂಬಿದ್ದಳು.

ಎಪ್ಪತ್ತೆಂಟರ ಆಗಸ್ಟ್‌ನಲ್ಲಿ ಹೊಸ ಪೋಪರು ಬಂದರು. ಗದ್ದುಗೆ ಬೇಡ, ಎಲ್ಲರಂತೆ ನಡೆದೇ ಹೋಗುತ್ತೇನೆ ಎಂದುಬಿಟ್ಟರು. ರೋಮ್ ಮೆಚ್ಚಿ ತಲೆದೂಗಿತು. ಹನ್ನೆರಡು ಮಂದಿ ಪೋಪರ ಅರಮನೆಯ ಹಿಂದಿನ ಕೋಣೆಯಲ್ಲಿ ಇಸ್ಪೀಟು ಹಿಡಿದು ಕೂತರು. ಎಲಿಜಿಯೊಗೆ ಊಟ ಸೇರದಾಯಿತು.

ಜೆಲಿಂದಾ ಜನ್ಮದಲ್ಲಿ ಮೊದಲ ಸಲ ಪೋಪರ ದರ್ಶನಕ್ಕೆಂದು ಬಸ್ಸು ಹತ್ತಿ ಬಂದದ್ದು ಆಗಲೇ. ಸಭಾಂಗಣದ ಹಿಂದುಗಡೆ ಜಾಗ ಸಿಕ್ಕಿತು. ಪೋಪರು ಬಂದರು, ಹೋದರು. ಚಪ್ಪಾಳೆ ಮಾತ್ರ ಕೇಳಿಸಿತು. ಸಂಜೆ ಮಗಳ ಮನೆಗೆ ಬಂದವಳು ಊರಿಂದ ತಂದಿದ್ದ ಗಿಣ್ಣನ್ನು ಮೇಜಿನ ಮೇಲೆ ಕುಕ್ಕಿದಳು.

“ಪೋಪರನ್ನ ನೋಡೋಕೆ ಬಂದೆ. ಯಾವನೋ ಜರ್ಮನಿಯೋನ ಬೆನ್ನು ನೋಡ್ಕೊಂಡು ಹೋಗ್ತಿದೀನಿ.”

“ಅವರು ಸರಳ ಮನುಷ್ಯ, ಅತ್ತೆ. ಮೇಲೆ ಕೂತ್ಕೊಳ್ಳೋದು ಅವರಿಗೆ ಇಷ್ಟ ಇಲ್ಲ.”

“ಸರಳ ಆಗಿರ್ಲಿ, ಯಾರು ಬೇಡ ಅಂದ್ರು? ನಮ್ಮಂಥ ಗಿಡ್ಡೋರು ಏನ್ ಮಾಡ್ಬೇಕಪ್ಪ?”

ಜೆಲಿಂದಾ ಮಗಳ ಕೈಯಲ್ಲಿ ಪೆನ್ನು ಕೊಟ್ಟು ಕೂರಿಸಿ, ತಾನು ಹೇಳುತ್ತ ಹೇಳುತ್ತ ವ್ಯಾಟಿಕನ್ನಿಗೆ ಕಾಗದ ಬರೆಸಿದಳು. ಹಿಂದೆ ನಿಂತು ಏನೂ ಕಾಣದವರು ಇನ್ನೂ ಎಷ್ಟೋ ಮಂದಿ ಗೊಣಗಿದ್ದರು. ಕೆಲವೇ ದಿನಗಳಲ್ಲಿ ಗದ್ದುಗೆ ಹೊರಗೆ ಬಂತು. ಯಾರ ಮಾತಿಗೆ ಬಂತೋ ದೇವರೇ ಬಲ್ಲ. ಅಲಾತ್ರಿಯವರನ್ನು ಕೇಳಿದರೆ ಮಾತ್ರ ಉತ್ತರ ಒಂದೇ.

ಮುಂದಿನ ಬುಧವಾರದ ದರ್ಶನಕ್ಕೆ ಜೆಲಿಂದಾ ಮತ್ತೆ ಬಂದಳು. ಈ ಸಲ ಪೋಪರು ತಲೆಗಳ ಮೇಲಿಂದ ತೇಲುತ್ತ ಬಂದರು. ಕಣ್ತುಂಬ ನೋಡಿ ಶಿಲುಬೆಯ ಗುರುತು ಹಾಕಿಕೊಂಡಳು. ಆಮೇಲೆ ಕೆಳಗೆ ನೋಡಿದಳು. ಅಳಿಯನ ಕುತ್ತಿಗೆಯ ನರ ಉಬ್ಬಿತ್ತು, ಗಲ್ಲದಿಂದ ಬೆವರು ತೊಟ್ಟಿಕ್ಕುತ್ತಿತ್ತು, ಹೆಜ್ಜೆಯ ಸದ್ದೇ ಇರಲಿಲ್ಲ. ಆ ಸಂಜೆ ಕುರಿಮಾಂಸದ ದೊಡ್ಡ ತುಂಡನ್ನು ಅವನ ತಟ್ಟೆಗೇ ಹಾಕಿದಳು.

“ತುಂಬಿದ ಕೊಡ ಹೊತ್ತೋರು ನಡೀತಾರಲ್ಲ, ಹಂಗೆ ನಡೀತಿದ್ದೆ ಕಣಪ್ಪ” ಎಂದಳು.

ಎಲಿಜಿಯೊ ತಲೆ ಎತ್ತದೆ ತಿಂದ.

ಪಟ್ಟಕ್ಕೆ ಬಂದು ಮೂವತ್ತಮೂರನೆಯ ದಿನಕ್ಕೆ ಆ ಪೋಪರು ತೀರಿಕೊಂಡರು. ನಂತರ ಬಂದವರು ಗದ್ದುಗೆ ಏರಲಿಲ್ಲ. ಹನ್ನೆರಡು ಮಂದಿಗೆ ಅರಮನೆಯ ಪಡಸಾಲೆಯಲ್ಲಿ ಅತಿಥಿಗಳನ್ನು ಎದುರುಗೊಳ್ಳುವ ಕೆಲಸ ಕೊಟ್ಟರು. ಮೊದಮೊದಲು ಎಲಿಜಿಯೊಗೆ ಕೈಕಾಲು ಎಲ್ಲಿಡಬೇಕೆಂದೇ ತಿಳಿಯುತ್ತಿರಲಿಲ್ಲ. ವರ್ಷ ಕಳೆಯುವುದರೊಳಗೆ ರಾಯಭಾರಿಗಳ ಹೆಂಡತಿಯರ ಕೊಡೆಗಳನ್ನು ಅದಲುಬದಲಾಗದಂತೆ ಕಾಯುವುದರಲ್ಲಿ ನಿಪುಣನಾದ.

ಏಳು ವರ್ಷದ ಮೇಲೆ ಜೆಲಿಂದಾ ಕಣ್ಣು ಮುಚ್ಚಿದಳು. ಅಲಾತ್ರಿಯ ಇಗರ್ಜಿ ಗುಡ್ಡದ ನೆತ್ತಿಯಲ್ಲಿದೆ, ದಾರಿ ಕಡಿದಾದ ಮೆಟ್ಟಿಲು. ಎಲಿಜಿಯೊನ ಐವರು ಹಳೆಯ ಜೊತೆಗಾರರು ಯಾರೂ ಕರೆಯದೆ ಕಪ್ಪು ಕೋಟು ತೊಟ್ಟು ಬೆಳಗಿನ ಬಸ್ಸಿಗೇ ಬಂದಿಳಿದರು. ಆರು ಮಂದಿ ಪೆಟ್ಟಿಗೆ ಎತ್ತಿದರು. ಮೇಲಿಟ್ಟ ಹೂವಿನ ಒಂದು ಎಸಳೂ ಜಾರಲಿಲ್ಲ. ಊರವರು ಬಾಗಿಲಿಗೆ ಬಂದು ನೋಡಿದರು. ಯೋಲೆ ಹಿಂದೆ ನಡೆಯುತ್ತ ಒಂದೇ ಸಮನೆ ಅತ್ತಳು.

ಮಧ್ಯಾಹ್ನ ದ್ರಾಕ್ಷಿ ಚಪ್ಪರದ ಕೆಳಗೆ ಹುರುಳಿಕಾಯಿ, ಹಂದಿಮಾಂಸ, ಊರಿನ ಕೆಂಪು ವೈನ್. ಬಸ್ಸು ಬರುವ ಹೊತ್ತಿಗೆ ಆ ಐವರನ್ನು ಊಟದಿಂದ ಏಳಿಸುವುದೇ ಕಷ್ಟವಾಯಿತು.